ಹಿಮಬಂಡಿಯ ವೀರನೂ ಗಂಟಲಮಾರಿಯ ಮದ್ದೂ

ನಾಯಿಗಳು ಎಳೆಯುವ ಹಿಮಬಂಡಿಯ ಓಟವನ್ನು ಶೀತದೇಶಗಳ ವಿನೋದವೆಂದು ತಳ್ಳಿಹಾಕುವವರು ಲಿಯೊನಾರ್ಡ್ ಸೆಪ್ಪಾಲನ ಜೀವನವನ್ನೊಮ್ಮೆ ಅವಲೋಕಿಸುವುದು ಲೇಸು. 1877ರಲ್ಲಿ ನಾರ್ವೆಯಲ್ಲಿ ಜನಿಸಿದ ಈತ ಚಿನ್ನದ ಗಣಿಗಳ ಆಕರ್ಷಣೆಯಿಂದ ಅಲಾಸ್ಕಕ್ಕೆ ವಲಸೆ ಬಂದವನು. ನೋಮ್ ಪಟ್ಟಣದಿಂದ ಹೊರಟು ಅಲ್ಲಿಗೇ ಮರಳುವ, 650 ಕಿಲೋಮೀಟರಿಗೂ ಮಿಗಿಲಾದ ‘ಆಲ್ ಅಲಾಸ್ಕ ಸ್ವೀಪ್‌ಸ್ಟೇಕ್ಸ್’ ಪಂದ್ಯವನ್ನು 1915, 1916 ಮತ್ತು 1917ರಲ್ಲಿ ಸತತವಾಗಿ ಗೆದ್ದು ಪ್ರಖ್ಯಾತನಾದನು. ಆದರೆ ಆತನ ಹಿರಿಮೆಗೆ ನಿಜವಾದ ಒರೆಗಲ್ಲು ಪಂದ್ಯವಲ್ಲ.

1925ರ ಜನವರಿಯಲ್ಲಿ ನೋಮ್‌ನ ಮಕ್ಕಳಲ್ಲಿ ಗಂಟಲಮಾರಿ, ಅರ್ಥಾತ್ ಡಿಫ್ತೀರಿಯಾ, ಕಾಣಿಸಿಕೊಂಡಿತು. ಗಂಟಲಿನಲ್ಲಿ ಪೊರೆ ಕಟ್ಟಿ ಉಸಿರನ್ನು ತಡೆಯುವ ಈ ರೋಗದ ವಿಷವು ಹೃದಯವನ್ನೂ ಕೆಡಿಸುತ್ತದೆ. ವಿಷಹರ ಸೀರಮ್ ರಕ್ತದಲ್ಲಿರುವ ವಿಷವನ್ನು ಅಡಗಿಸಬಲ್ಲುದೇ ಹೊರತು, ಅಂಗಾಂಶಗಳನ್ನು ಆಗಲೇ ಹೊಕ್ಕ ವಿಷವನ್ನಲ್ಲ. ಆದುದರಿಂದ ಒಂದೊಂದು ಗಂಟೆಯೂ ಅಮೂಲ್ಯ. ಸಮುದ್ರ ಹೆಪ್ಪುಗಟ್ಟಿ ಹಡಗುಗಳ ಸಂಚಾರ ನಿಂತಿದ್ದ ಆ ದಿನಗಳಲ್ಲಿ, ನೆನಾನಾ ರೈಲು ನಿಲ್ದಾಣದಿಂದ ಸುಮಾರು 1,085 ಕಿಲೋಮೀಟರ್ ದೂರಕ್ಕೆ 20 ಮಂದಿ ಚಾಲಕರು, ಸುಮಾರು 150 ನಾಯಿಗಳ ನೆರವಿನಿಂದ, ಸೀರಮನ್ನು ಕೈಯಿಂದ ಕೈಗೆ ದಾಟಿಸುತ್ತ ಐದೂವರೆ ದಿನಗಳಲ್ಲಿ ತಲುಪಿಸಿದರು. ಸೆಪ್ಪಾಲ ನೋಮ್‌ನಿಂದ ಎದುರಾಗಿ ಹೊರಟು, ಸೀರಮನ್ನು ಪಡೆದು, ನಾರ್ಟನ್ ಕೊಲ್ಲಿಯ ಮಂಜುಗಡ್ಡೆಯನ್ನು ಬಿರುಗಾಳಿಯಲ್ಲಿ ದಾಟಿ, ಸುಮಾರು 146 ಕಿಲೋಮೀಟರ್ ಹೊತ್ತುತಂದನು. ಅವನ ಮುಂದಾಳು ನಾಯಿ ಟೋಗೊಗೆ ಆಗ ಸುಮಾರು 12 ವರ್ಷ. ಪಂದ್ಯಕ್ಕಾಗಿ ಗಳಿಸಿದ ನೈಪುಣ್ಯವನ್ನೂ ಕೀರ್ತಿ ತಂದ ನಾಯಿಗಳನ್ನೂ ಊರಿನ ಮಕ್ಕಳಿಗಾಗಿ ಪಣವೊಡ್ಡಿದನೆಂಬುದೇ ಅವನ ನಿಜವಾದ ವಿಜಯ.

ಲೋಕ ಮಾತ್ರ ಕೊನೆಯ ಹಂತದ ಬಂಡಿಯನ್ನೆಳೆದ ಬಾಲ್ಟೊ ಎಂಬ ನಾಯಿಗೆ ಅದೇ ವರ್ಷ ನ್ಯೂಯಾರ್ಕಿನಲ್ಲಿ ಪ್ರತಿಮೆ ನಿಲ್ಲಿಸಿತು. ಕಡೆಯಲ್ಲಿ ಕಂಡವರನ್ನು ಕೊಂಡಾಡಿ, ನಡುದಾರಿಯಲ್ಲಿ ದುಡಿದವರನ್ನು ಮರೆಯುವುದು ಲೋಕರೂಢಿ.

1967ರಲ್ಲಿ ಸೆಪ್ಪಾಲ ತೀರಿಕೊಂಡನು. ಅಂದು ಆತ ಪ್ರಾಣವನ್ನೊತ್ತೆಯಿಟ್ಟು ಎದುರಿಸಿದ ರೋಗವನ್ನು ಇಂದು ಚುಚ್ಚುಮದ್ದು ಮೊದಲೇ ತಡೆಯಬಲ್ಲುದು. ನಮ್ಮ ದೇಶದಲ್ಲಿ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಲಸಿಕೆಗಳ ಬಳಿಕ, 16ರಿಂದ 24 ತಿಂಗಳೊಳಗೆ, 5ರಿಂದ 6 ವರ್ಷದೊಳಗೆ, ಅನಂತರ 10 ಮತ್ತು 16ನೆಯ ವರ್ಷಗಳಲ್ಲಿ ಮರುಲಸಿಕೆ ವಿಹಿತವಾಗಿದೆ. ವರ್ಗಾವಣೆ, ಮನೆ ಬದಲಾವಣೆಗಳ ಗಡಿಬಿಡಿಯಲ್ಲಿ ನಗರವಾಸಿ ಕುಟುಂಬಗಳು ಮರೆಯುವುದು ಈ ಮರುಲಸಿಕೆಗಳನ್ನೇ. ಹೊಸ ಊರಿಗೆ ಒಯ್ಯುವ ಕಾಗದಪತ್ರಗಳಲ್ಲಿ ಮಗುವಿನ ಲಸಿಕೆಯ ಚೀಟಿಗೆ ಮೊದಲ ಸ್ಥಾನವಿರಲಿ. ಸಾಹಸವನ್ನು ಕೊಂಡಾಡುವುದು ಸುಲಭ. ಅಂಥ ಸಾಹಸದ ಅಗತ್ಯವೇ ಬಾರದಂತೆ ನೋಡಿಕೊಳ್ಳುವುದು ವಿವೇಕ.