ಪಾಲಿಶ್ ಅಂದರೆ ಹಚ್ಚುವುದಲ್ಲ

ಪುಣೆಯ ನಮ್ಮ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿಗೆ ಮೊನ್ನೆ ಒಂದು ನೋಟಿಸ್ ಬಂತು. ಬೆಳಿಗ್ಗೆ ಕಾರು ಒರೆಸುವವರ ನಿರ್ಲಕ್ಷ್ಯದಿಂದ ಗಾಡಿಗಳ ಮೇಲೆ ಗೀರು ಬಿದ್ದಿವೆಯಂತೆ, ಇನ್ನು ಮುಂದೆ ಅದರ ಖರ್ಚನ್ನು ಅವರ ಸಂಬಳದಲ್ಲಿ ಹಿಡಿಯುತ್ತಾರಂತೆ. ಅದರ ಕೆಳಗೇ ಯಾರೋ ಸೆರಾಮಿಕ್ ಕೋಟಿಂಗ್ ಅಂಗಡಿಯ ಜಾಹೀರಾತು ಹಾಕಿದ್ದರು, ಹತ್ತು ಕಾರು ಒಟ್ಟಿಗೆ ತಂದರೆ ರಿಯಾಯಿತಿ. ಎರಡಕ್ಕೂ ನನ್ನ ತಕರಾರಿದೆ. ಕಾರಿಗೆ ಮೆಷಿನ್ ಪಾಲಿಶ್ ಮಾಡುವುದನ್ನು ನಾನೇ ಕಲಿಯದಿದ್ದರೆ ಈ ತಕರಾರು ಹುಟ್ಟುತ್ತಿರಲಿಲ್ಲ.

ಮೊದಲು ಮಾತಿನ ವಿಷಯ. ನಾವು ಬೂಟಿಗೆ ಪಾಲಿಶ್ ಹಚ್ಚುತ್ತೇವೆ, ಅಕ್ಕಿಯನ್ನು ಪಾಲಿಶ್ ಮಾಡಿಸುತ್ತೇವೆ. ಒಂದರಲ್ಲಿ ಏನೋ ಸೇರುತ್ತದೆ, ಇನ್ನೊಂದರಲ್ಲಿ ತೌಡು ಹೋಗುತ್ತದೆ. ಕಾರಿನ ಪಾಲಿಶ್ ಅಕ್ಕಿಯ ಜಾತಿಗೆ ಸೇರಿದ್ದು. ಮಾರುವವರು ಮಾತ್ರ ಬೂಟಿನ ಪಾಲಿಶ್ ಎಂಬಂತೆ ಮಾತಾಡುತ್ತಾರೆ. ಹಿಂದೊಮ್ಮೆ ಇಂಥದೇ ಕಂಪನಿಯ ಕರಪತ್ರವೊಂದನ್ನು ಕನ್ನಡಕ್ಕೆ ತಂದಿದ್ದೆ. 'ಪೇಂಟ್ ಕರೆಕ್ಷನ್' ಎಂದಿದ್ದದ್ದನ್ನು 'ಬಣ್ಣದ ಪುನಶ್ಚೇತನ' ಎಂದು ಬರೆದು ದುಡ್ಡು ತೆಗೆದುಕೊಂಡೆ. ಬರೆಯಬೇಕಾಗಿದ್ದದ್ದು 'ಬಣ್ಣ ಸವೆಸುವುದು' ಎಂದು.

ಸವೆಸಲು ಅಲ್ಲಿ ಇರುವುದಾದರೂ ಎಷ್ಟು? ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50. ನಮ್ಮ ತಲೆಗೂದಲೇ 70ರ ಆಸುಪಾಸು ದಪ್ಪ ಇರುತ್ತದೆ. ಬಿಸಿಲಿನಲ್ಲಿ ಜೇಡರ ಬಲೆಯ ಹಾಗೆ ಕಾಣುವ ಗೀರುಗಳು ಇರುವುದು ಈ ಕೂದಲಿಗಿಂತ ತೆಳುವಾದ ಪದರದಲ್ಲಿ. ಅವನ್ನು ಮೇಣ ತುಂಬಿ ಮರೆಮಾಡಬಹುದು, ನಾಲ್ಕು ಸಲ ತೊಳೆದರೆ ಮತ್ತೆ ಎದ್ದು ಬರುತ್ತವೆ. ನಿಜವಾಗಿ ತೆಗೆಯಬೇಕೆಂದರೆ ಸುತ್ತಲಿನ ಪದರವನ್ನೇ ಗೀರಿನ ತಳದವರೆಗೆ ಇಳಿಸಬೇಕು. ಇಳಿದದ್ದು ಮತ್ತೆ ಬೆಳೆಯುವುದಿಲ್ಲ. ಹಳೆಯ ಕಾರುಗಳ ಟಾಪಿನ ಮೇಲೆ ಬಿಳಿ ಹೊಪ್ಪಳೆ ಎದ್ದಿರುವುದನ್ನು ನೋಡಿದ್ದೀರಲ್ಲ, ಕ್ಲಿಯರ್ ಕೋಟ್ ಬಿಸಿಲಿಗೆ ಸೋತಾಗ ಹಾಗಾಗುತ್ತದೆ. ಪದರ ತೆಳುವಾದಷ್ಟೂ ಸೋಲು ಬೇಗ.

ಇದನ್ನು ಓದಿ ತಿಳಿದಿದ್ದೆ, ಆದರೆ ಕೈಗೆ ತಿಳಿದದ್ದು ಗುಜರಿಯಿಂದ ತಂದ ಕೆಂಪು ಬಾನೆಟ್ಟಿನ ಮೇಲೆ. ಕಲಿಯುವವರು ದಯವಿಟ್ಟು ಅಲ್ಲಿಂದಲೇ ಶುರು ಮಾಡಿ, ಸ್ವಂತ ಕಾರಿನಿಂದಲ್ಲ. ಮೆಷಿನ್‌ಗಳಲ್ಲಿ ಎರಡು ಬಗೆ. ರೋಟರಿ ಒಂದೇ ಅಚ್ಚಿನ ಮೇಲೆ ಗಿರಗಿರ ತಿರುಗುತ್ತದೆ. ಬೇಗ ಕತ್ತರಿಸುತ್ತದೆ, ಬೇಗ ಬಿಸಿಯೇರಿಸುತ್ತದೆ, ಕೈ ತಪ್ಪಿದರೆ ಸುಡುತ್ತದೆ. ಡ್ಯುಯಲ್ ಆಕ್ಷನ್‌ನದು ತಿರುಗುತ್ತಲೇ ಓಲಾಡುವ ಚಲನೆ. ಅದರಲ್ಲೂ ಪ್ಯಾಡ್ ಮುಕ್ತವಾಗಿ ತಿರುಗುವ ಮಾದರಿಯಾದರೆ, ಜಾಸ್ತಿ ಒತ್ತಿದಾಗ ತಿರುಗುವುದನ್ನೇ ನಿಲ್ಲಿಸುತ್ತದೆ. ಹೊಸಬರಿಗೆ ಅದೇ ಸರಿ. ಪ್ಯಾಡ್ ಕೂರುವ ತಟ್ಟೆಯ ಅಂಚಿಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಡಿ, ತಿರುಗುತ್ತಿದೆಯೋ ಬರೀ ನಡುಗುತ್ತಿದೆಯೋ ಗೊತ್ತಾಗುತ್ತದೆ. ಚೆನ್ನಾಗಿ ತೊಳೆದು, ಕ್ಲೇ ಬಾರ್‌ನಿಂದ ಅಂಟುಧೂಳು ತೆಗೆದು, ನೆರಳಿನಲ್ಲಿ, ತಣ್ಣಗಿರುವ ತಗಡಿನ ಮೇಲೆ, ಎರಡಡಿ ಚೌಕದಷ್ಟೇ ಜಾಗ ಹಿಡಿದುಕೊಳ್ಳಬೇಕು. ಬಟಾಣಿ ಗಾತ್ರದ ನಾಲ್ಕು ಹನಿ ಕಾಂಪೌಂಡ್ ಸಾಕು. ಮೊದಲು ಎಲ್ಲಕ್ಕಿಂತ ಮೃದುವಾದ ಪ್ಯಾಡು, ಮೃದುವಾದ ಪಾಲಿಶ್. ಅದರಲ್ಲಿ ಆಗದಿದ್ದರೆ ಮಾತ್ರ ಮುಂದಿನದು. ಕೈಯನ್ನು ಎಷ್ಟು ನಿಧಾನ ಸಾಗಿಸಬೇಕೆಂದರೆ ಬೇಜಾರು ಬರಬೇಕು.

ನನಗೆ ಬೇಜಾರು ಬಂತು, ಅವಸರ ಮಾಡಿದೆ. ಬಾನೆಟ್ಟಿನ ಅಂಚಿನಲ್ಲಿ ಪದರ ಇನ್ನೂ ತೆಳುವಾಗಿರುತ್ತದೆ, ಅದಕ್ಕೇ ಅಲ್ಲಿಗೆ ಟೇಪು ಅಂಟಿಸಬೇಕು. ನಾನು ಅಂಟಿಸಿರಲಿಲ್ಲ. ನೋಡನೋಡುತ್ತಾ ಬಿಳಿ ಪ್ಯಾಡ್ ಕೆಂಪಾಯಿತು. ಅಂದರೆ ಕ್ಲಿಯರ್ ಕೋಟ್ ಮುಗಿದು ಬಣ್ಣಕ್ಕೇ ಇಳಿದಿದ್ದೆ.

ಇದು ಗೊತ್ತಾದ ಮೇಲೆ ಸರ್ವಿಸ್ ಸೆಂಟರಿನ 'ಫ್ರೀ ಪಾಲಿಶ್' ಕೇಳಿದರೆ ಮೈ ಉರಿಯುತ್ತದೆ. ನಮ್ಮ ಕಾರನ್ನು ಒಂದು ಕಡೆ ಬಿಟ್ಟಿದ್ದಾಗ ಕೇಳದೇ ರೋಟರಿ ಹೊಡೆದು, ಬಾಗಿಲ ತುಂಬ ಮೆಷಿನ್ ಓಡಿದ ಸುಳಿಗಳನ್ನು ಬಿಟ್ಟು, ಮೇಲೆ ಎಣ್ಣೆ ಒರೆಸಿ ಫಳಫಳ ಮಾಡಿ ಕೊಟ್ಟಿದ್ದರು. ಎಷ್ಟು ಮೈಕ್ರಾನ್ ಹೋಯಿತು ಎಂದು ಕೇಳಿದೆ. ಅಳೆಯುವ ಮೀಟರೇ ಅಲ್ಲಿರಲಿಲ್ಲ. 'ಇದು ಎಕ್ಸ್‌ಪರ್ಟ್‌ಗಳ ಕೆಲಸ ಮೇಡಂ' ಎಂಬ ಉತ್ತರ ಮಾತ್ರ ಸಿಕ್ಕಿತು. ನಿಜವಾಗಿ ಬಲ್ಲವರು ಇದ್ದಾರೆ, ಒಂದು ಕಾರಿಗೆ ಎರಡು ದಿನ ಕೊಡುವವರಿದ್ದಾರೆ. ಅವರು ಮೊದಲು ಮೀಟರ್ ಇಟ್ಟು ನೋಡುತ್ತಾರೆ, ಬೇಡ ಅನ್ನಿಸಿದರೆ ಬೇಡ ಎನ್ನುತ್ತಾರೆ.

ಇನ್ನು ಜಾಹೀರಾತಿನ '9ಎಚ್'. ವಜ್ರದ ಸಮೀಪದ ಗಡಸುತನವೇನೋ ಅನ್ನಿಸುವಂತೆ ಬರೆಯುತ್ತಾರೆ. ಅದು ಪೆನ್ಸಿಲ್ಲಿನ ಲೆಕ್ಕ, ಎಚ್‌ಬಿ, 2ಎಚ್ ಅಂತೆಲ್ಲ ಡ್ರಾಯಿಂಗ್ ಪೆನ್ಸಿಲ್ ಕೊಳ್ಳುತ್ತೇವಲ್ಲ, ಅದೇ. 9ಎಚ್ ಪೆನ್ಸಿಲ್ ಗೀಚಿದರೂ ಗುರುತು ಬೀಳಲಿಲ್ಲ ಎಂದಷ್ಟೇ ಅರ್ಥ. ನಮ್ಮ ರಸ್ತೆಯ ಧೂಳಿನಲ್ಲಿರುವುದು ಪೆನ್ಸಿಲ್ಲಿನ ಸೀಸವಲ್ಲ, ಮರಳಿನ ಹರಳು. ಕೋಟಿಂಗ್‌ನಿಂದ ನೀರು ಜಾರುತ್ತದೆ, ತೊಳೆಯುವುದು ಸುಲಭವಾಗುತ್ತದೆ, ಅದನ್ನು ಒಪ್ಪುತ್ತೇನೆ. ಧೂಳು ಕೂತ ಗಾಡಿಯನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಅದರ ಮೇಲೂ ಗೀರು ಬೀಳುತ್ತದೆ.

ಹಾಗಾದರೆ ಒರೆಸುವವರದೇ ತಪ್ಪಲ್ಲವೇ ಎನ್ನಬಹುದು. ನಮ್ಮ ವಿಂಗಿನ ಗಾಡಿ ಒರೆಸುವವರು ಅಕ್ಕಲಕೋಟೆ ಕಡೆಯವರು, ಕನ್ನಡ ಮಾತಾಡುತ್ತಾರೆ. ಕೇಳಿದ್ದಕ್ಕೆ ಹೇಳಿದರು: 'ಒಂದ್ ಬಕೀಟ್ ನೀರಾಗ ಹದಿನಾಕ್ ಗಾಡಿ ಒರಸ್ಬೇಕ್ರಿ ಅಕ್ಕಾರ. ಮೊದಲನೇ ಗಾಡಿ ಮಣ್ಣು ಕಡೀ ಗಾಡಿಗೆ ಹೋಗಾಂಗಿಲ್ಲೇನ್ರಿ?' ಬೇಸಿಗೆಯಲ್ಲಿ ಟ್ಯಾಂಕರ್ ದುಬಾರಿ ಎಂದು ಒಂದು ಬಕೀಟಿನ ನಿಯಮ ಮಾಡಿದ್ದು ಇದೇ ಸಮಿತಿ. ಏಳು ಗಂಟೆಯೊಳಗೆ ಎಲ್ಲ ಮುಗಿಯಬೇಕೆಂದು ಹೇಳಿದ್ದೂ ಅದೇ. ಬಟ್ಟೆ ಅವರೇ ತರಬೇಕು. ಗೀರು ಬಿದ್ದದ್ದು ಅವರ ಕೈಯಿಂದ ಹೌದು, ಆದರೆ ಅದನ್ನು ಬೀಳಿಸಿದ್ದು ನಮ್ಮ ನಿಯಮ. ದಿನಾ ಒರೆಸದೆ ವಾರಕ್ಕೆರಡು ಸಲ, ಸೋಪಿನ ನೀರಿಗೊಂದು, ಬಟ್ಟೆ ಜಾಲಿಸಲೊಂದು ಹೀಗೆ ಎರಡು ಬಕೀಟು ಕೊಟ್ಟು ತೊಳೆಸಿದರೆ ಯಾವ ಅಂಗಡಿಯ ರಿಯಾಯಿತಿಯೂ ಬೇಕಾಗುವುದಿಲ್ಲ.

ಇದನ್ನೇ ಗುಂಪಿನಲ್ಲಿ ಬರೆದೆ. ಎರಡು ಹೆಬ್ಬೆರಳು ಬಂದವು, ಆಮೇಲೆ ಯಾರೋ ಗುಡ್ ಮಾರ್ನಿಂಗ್ ಹಾಕಿದರು. ಭಾನುವಾರ ಸಮಿತಿಯ ಸಭೆಯಿದೆ. ಅಂಚು ಸುಟ್ಟ ಆ ಕೆಂಪು ಬಾನೆಟ್ಟನ್ನು ಲಿಫ್ಟಿನಲ್ಲಿ ಹಾಕಿಕೊಂಡು ಹೋಗುವವಳಿದ್ದೇನೆ.