ಹೊಸಬರ ಕಲಹ

ಅಮರಸಿಂಹನು ತನ್ನ ಕೋಶದಲ್ಲಿ ಹಂದಿಗೆ ಹನ್ನೆರಡು ಹೆಸರುಗಳನ್ನು ಹೇಳಿರುವನು. ಕೋರೆಹಲ್ಲುಳ್ಳದ್ದಾದುದರಿಂದ ಅದು ದಂಷ್ಟ್ರಿ, ಮೂತಿಯುಳ್ಳದ್ದಾದುದರಿಂದ ಘೋಣಿ, ನೆಲವನ್ನು ಸೀಳುವುದರಿಂದ ಭೂದಾರ. ಆದರೆ ಅದರ ಬಂಧುಭಾವವನ್ನು ಸೂಚಿಸುವ ಹೆಸರೊಂದನ್ನೂ ನಾನು ಅಲ್ಲಿ ಕಾಣೆನು. ವಾಚಕಮಹಾಶಯರು ಮೂಗು ಮುಚ್ಚಿಕೊಳ್ಳದೆ ಈ ತಿಂಗಳು ಆ ವಿಷಯವನ್ನು ಸ್ವಲ್ಪ ಆಲಿಸಬೇಕು.

ಒಂದೇ ಸೂಲಿನ ಮರಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯ ಮೊಲೆತೊಟ್ಟುಗಳನ್ನು ತಮ್ಮತಮ್ಮೊಳಗೆ ಹಂಚಿಕೊಳ್ಳುತ್ತವೆ. ಮೊದಮೊದಲು ಚೂಪಾದ ಹಲ್ಲುಗಳಿಂದ ಕಚ್ಚಿ ನೂಕಾಡುವುದುಂಟು. ಹಕ್ಕು ನಿರ್ಣಯವಾದ ಮೇಲೆ ಪ್ರತಿಯೊಂದು ಮರಿಯೂ ಬಹುಮಟ್ಟಿಗೆ ತನ್ನ ತೊಟ್ಟಿಗೇ ಹೋಗುವುದು. ಒಡಹುಟ್ಟಿದವುಗಳಲ್ಲಿ ವ್ಯವಸ್ಥೆಯು ಹೀಗೆ ಬೇಗನೆ ನೆಲೆಗೊಳ್ಳುತ್ತದೆ.

ಆದರೆ ಯೂರೋಪಿನ ದೊಡ್ಡ ಹಂದಿಸಾಕಣೆಯ ಕೇಂದ್ರಗಳಲ್ಲಿ ಹಾಲು ಬಿಡಿಸಿದೊಡನೆ ಬೇರೆಬೇರೆ ತಾಯಂದಿರ ಮರಿಗಳನ್ನು ಗಾತ್ರಕ್ಕೆ ತಕ್ಕಂತೆ ಆರಿಸಿ ಒಂದೇ ದೊಡ್ಡಿಗೆ ಕೂಡುವ ಪದ್ಧತಿಯುಂಟು. ಆಗ ಅವು ಪರಸ್ಪರ ಮೂಸಿ ನೋಡಿ, ಹೆಗಲಿಗೆ ಹೆಗಲೊಡ್ಡಿ ನೂಕಿ, ಕಿವಿ ಕೊರಳುಗಳನ್ನು ಕಚ್ಚುವುವು. ಸೋತದ್ದು ಬೆನ್ನು ತಿರುಗಿಸಿ ಓಡುವುದು. ಮೊದಲ ಒಂದೆರಡು ದಿನ ಈ ಕಾದಾಟವು ಉಗ್ರವಾಗಿರುವುದು. ಯಾವುದು ಮೇಲು, ಯಾವುದು ಕೆಳಗೆ ಎಂಬುದು ಗೊತ್ತಾದ ಬಳಿಕ ಮೇಲಿನದು ತಲೆಯನ್ನೊಮ್ಮೆ ಕೊಡಹಿದರೆ ಸಾಕು, ಕೆಳಗಿನದು ದಾರಿ ಬಿಡುವುದು. ಇದರಿಂದ, ಕಲಹಕ್ಕೆ ಮೂಲವು ಕ್ರೌರ್ಯಕ್ಕಿಂತ ಹೆಚ್ಚಾಗಿ ಅಪರಿಚಯವೇ ಎಂದು ಹೇಳಬಹುದು. ಹಾಗೆಂದ ಮಾತ್ರಕ್ಕೆ ಗಾಯವು ಸಣ್ಣದಾಗಲಾರದು.

ಮನುಷ್ಯನ ಕೈಯಿಲ್ಲದಿದ್ದರೆ ಹಂದಿಯು ಏನು ಮಾಡೀತು? ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಬಳಿ ಸ್ಟೋಲ್ಬಾ ಮತ್ತು ವುಡ್‌ಗಷ್ ಎಂಬ ವಿದ್ವಾಂಸರು ಸಾಕುಹಂದಿಗಳನ್ನು ಗಿಡಮರಗಳುಳ್ಳ ವಿಶಾಲವಾದ ಆವರಣದಲ್ಲಿ ಬಿಟ್ಟು ಅವುಗಳ ನಡತೆಯನ್ನು ಪರೀಕ್ಷಿಸಿ, 1989ರಲ್ಲಿ ವಿವರವಾಗಿ ಬರೆದರು. ಇಂತಹ ಸ್ವೇಚ್ಛಾಜೀವನದಲ್ಲಿ ತಾಯಿಹಂದಿಯು ಪ್ರಸವಕಾಲಕ್ಕೆ ಗುಂಪನ್ನು ಬಿಟ್ಟು ಏಕಾಂತದಲ್ಲಿ ಗೂಡು ಕಟ್ಟುವುದು. ಒಂದೆರಡು ವಾರಗಳಲ್ಲಿ ಮರಿಗಳನ್ನು ತಾನೇ ಗುಂಪಿಗೆ ಕರೆತರುವುದು. ತಾಯಿಯ ಮರೆಯಲ್ಲಿಯೇ ಮರಿಗಳು ಇತರರ ಪರಿಚಯ ಮಾಡಿಕೊಳ್ಳುವುವು.

ಇದನ್ನರಿತ ಕೆಲವು ಸಾಕಣೆಗಾರರು ಹಾಲು ಬಿಡಿಸುವುದಕ್ಕೆ ಮೊದಲೇ ನೆರೆಯ ದೊಡ್ಡಿಗಳ ನಡುವಣ ತಡೆಯನ್ನು ತೆಗೆದುಬಿಡುವರು. ಹಾಗೆ ಬೆಳೆದ ಮರಿಗಳು ಮುಂದೆ ಹೊಸಬರೊಡನೆ ಕಡಿಮೆ ಕಾದಾಡುವುವು. ಯೂರೋಪಿನ ಒಕ್ಕೂಟದ 2008ರ ವಿಧಿಯೂ ಸಾಧ್ಯವಾದಷ್ಟು ಎಳೆಯ ವಯಸ್ಸಿನಲ್ಲಿಯೇ ಹಂದಿಗಳನ್ನು ಕೂಡಿಸಬೇಕೆಂದೂ, ಸೋತವಕ್ಕೆ ಓಡಿ ಅಡಗುವ ಅವಕಾಶವಿರಬೇಕೆಂದೂ ಹೇಳುತ್ತದೆ.

ಮಕ್ಕಳು ಹಂದಿಗಳಲ್ಲ, ನಿಜ. ಆದರೂ ಪ್ರತಿ ಜೂನ್ ತಿಂಗಳಲ್ಲಿಯೂ ಹೊಸ ಹುಡುಗನೊಬ್ಬನನ್ನು ತರಗತಿಗೆ ತಂದು ಕೂರಿಸಿ, ಸಂಜೆ ಜಗಳವಾದಾಗ ಇಬ್ಬರನ್ನೂ ಗದರಿಸಿದವನು ನಾನು. ಹೆಸರು ಹೇಳಿಸಿ, ಜೊತೆಯಲ್ಲಿ ಒಂದು ಕೆಲಸವನ್ನು ಕೊಟ್ಟು, ಪರಿಚಯ ಮಾಡಿಸುವುದು ನನ್ನ ಕರ್ತವ್ಯವಾಗಿತ್ತು. ಮನೆಗೆ ಹೊಸಬರು ಬಂದಾಗ ಹಿರಿಯರು ಈ ಮಾತನ್ನು ಸ್ಮರಿಸಿದರೆ ಸಾಕು.