ಬಂಗಾರಪೇಟೆ–ಕೋಲಾರ–ಚಿಕ್ಕಬಳ್ಳಾಪುರ–ಯಲಹಂಕ ಕಿರುಹಳಿ ರೈಲುಮಾರ್ಗದ ಅವಶೇಷಗಳನ್ನು ಕುರಿತ ಮನವಿ ಪತ್ರ

ಘನತೆವೆತ್ತ ರೈಲ್ವೆ ಆಡಳಿತ ಮಂಡಳಿಯವರ ಸನ್ನಿಧಾನಕ್ಕೆ,

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹಾಗೂ ದೇವನಹಳ್ಳಿ ಸೀಮೆಯ ನಿವಾಸಿಗಳಾದ ನಾವು ವಿನಯಪೂರ್ವಕವಾಗಿ ಬಿನ್ನವಿಸಿಕೊಳ್ಳುವುದೇನೆಂದರೆ:

ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗರ ಹೆಸರನ್ನು ಹೊತ್ತಿದ್ದ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, 1913ರಲ್ಲಿ ಕೋಲಾರದವರೆಗೆ ಬಂದು, ಅತ್ತ ಯಲಹಂಕದ ಕಡೆಯಿಂದ ದೇವನಹಳ್ಳಿ, ನಂದಿಗಳನ್ನು ಹಾದು 1915ರಲ್ಲಿ ಚಿಕ್ಕಬಳ್ಳಾಪುರವನ್ನು ಮುಟ್ಟಿ, ಬಳಿಕ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರಗಳನ್ನು ಒಂದೇ ಎಳೆಯಲ್ಲಿ ಪೋಣಿಸಿದ 2 ಅಡಿ 6 ಅಂಗುಲದ ಕಿರುಹಳಿಯು ಈ ಸೀಮೆಯ ಪಾಲಿಗೆ ಏನಾಗಿತ್ತೆಂಬುದನ್ನು, ಅದರ ಕಂಬಿಗಳನ್ನು ಕಿತ್ತುಹಾಕಿದ ಮೇಲೆ ಹುಟ್ಟಿದವರಿಗೆ ವಿವರಿಸುವುದು ಸುಲಭವಲ್ಲ. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದೆ ಕೆರೆಗಳನ್ನೇ ನಂಬಿ ಬಾಳುವ ನಾಡು ಇದು. ಇಲ್ಲಿಯ ರೇಷ್ಮೆಗೂಡು, ಆಲೂಗಡ್ಡೆ, ಮಾವು, ಹುಣಿಸೆಹಣ್ಣುಗಳೆಲ್ಲ ದೂರದ ಪೇಟೆಯನ್ನು ಸೇರಿದರೆ ಮಾತ್ರ ರೈತನ ಕೈಗೆ ಕಾಸು. ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ 1912ರಿಂದ 1918ರವರೆಗಿನ ಕಾಲದಲ್ಲಿಯೇ ಅವರ ಹುಟ್ಟೂರಿನ ಸಮೀಪದಲ್ಲಿ ಈ ಬಂಡಿ ಓಡಲು ತೊಡಗಿತೆಂಬುದು ನಮ್ಮ ಜನಕ್ಕೆ ಇಂದಿಗೂ ಹೆಮ್ಮೆಯ ಸಂಗತಿ.

ಅಗಲಹಳಿಗೆ ತಗಲುವ ವೆಚ್ಚವನ್ನು ಭರಿಸಲಾರದ ಕಡೆಯಲ್ಲಿಯೂ ಜನರಿಗೆ ರೈಲು ದೊರೆಯಲೆಂಬುದೇ ಕಿರುಹಳಿಯ ತತ್ತ್ವವಾಗಿತ್ತು. ಅದರ ಬಲಹೀನತೆಯೂ ಅಲ್ಲಿಯೇ ಇತ್ತು. ಬಂಗಾರಪೇಟೆಯನ್ನು ತಲಪಿದ ಸರಕನ್ನು ಮದರಾಸಿನ ದಾರಿಯ 5 ಅಡಿ 6 ಅಂಗುಲದ ಹಳಿಯ ಮೇಲಿನ ವ್ಯಾಗನ್ನುಗಳಿಗೆ ಹಮಾಲರು ಮೂಟೆ ಮೂಟೆಯಾಗಿ ಹೊತ್ತು ತುಂಬಬೇಕಾಗಿತ್ತು. ಹಾಗೆ ಇಳಿಸಿ ಏರಿಸುವುದಕ್ಕೆ ಹೊತ್ತೂ ಕೂಲಿಯೂ ವ್ಯಯವಾಗುತ್ತಿರಲು, ತೋಟದ ಬದುವಿಗೇ ಬಂದು ನಿಂತ ಲಾರಿಯ ಮುಂದೆ ಈ ಬಡ ಬಂಡಿಯು ಎಷ್ಟು ಕಾಲ ನಿಲ್ಲಬಲ್ಲುದು? ಓಡಾಟ ಕ್ಷೀಣಿಸಿತು, ಕಡೆಗೆ ನಿಂತಿತು. ಅನೇಕ ವರ್ಷಗಳ ಬಳಿಕ, 2013ರಲ್ಲಿ, ಕೋಲಾರ–ಚಿಕ್ಕಬಳ್ಳಾಪುರಗಳ ನಡುವೆ ಬ್ರಾಡ್‌ಗೇಜ್ ರೈಲು ಬಂದಿತು. ಅದಕ್ಕಾಗಿ ನಾವು ಕೃತಜ್ಞರಾಗಿದ್ದೇವೆ. ಹಳೆಯದನ್ನು ಮರಳಿ ಹಾಸಿರೆಂದು ಕೇಳುವ ಅವಿವೇಕ ನಮ್ಮದಲ್ಲ.

ನಮ್ಮ ವ್ಯಥೆ ಬೇರೆ. ಈ ಮನವಿಯನ್ನು ಬರೆಯುತ್ತಿರುವವನು ಓದಿದ ಶಾಲೆಯ ಜಗಲಿಯಲ್ಲಿ ಗಂಟೆಗೆ ಬದಲಾಗಿ ತೂಗುತ್ತಿದ್ದುದು ಒಂದು ಮೊಳದುದ್ದದ ಕಂಬಿಯ ತುಂಡು. ಅದಕ್ಕೆ ಹೊಡೆಯುತ್ತಿದ್ದ ಮೊಳೆಯೂ ಹಳಿಯನ್ನು ಮರದ ದಿಮ್ಮಿಗೆ ಬಿಗಿಯುತ್ತಿದ್ದ ಮೊಳೆಯೇ. ಹೊಡೆದು ಹೊಡೆದು ಕಂಬಿಯ ಒಂದು ಮಗ್ಗುಲು ಬೆಳ್ಳಿಯಂತೆ ಹೊಳೆಯುತ್ತಿತ್ತು, ಉಳಿದ ಮೈಯೆಲ್ಲ ತುಕ್ಕು. ಅದು ನಮ್ಮೂರಿನ ಮೇಲೆ ಹಾದುಹೋಗುತ್ತಿದ್ದ ರೈಲಿನದೆಂದು ನಮಗೆ ಯಾವ ಉಪಾಧ್ಯಾಯರೂ ಹೇಳಲಿಲ್ಲ. ಪ್ರಾಯಶಃ ಅವರಿಗೂ ಯಾರೂ ಹೇಳಿರಲಿಲ್ಲ. ಮುಂದೆ ವಯಸ್ಸಿಗೆ ಬಂದು, ಆ ದಾರಿಯ ಹಳೆಯ ನಕ್ಷೆಯೊಂದನ್ನು ಹುಡುಕುತ್ತ ಒಂದು ಕಚೇರಿಗೆ ಹೋದಾಗ, ಅಂಥ ಕಾಗದಗಳನ್ನೆಲ್ಲ ಕಟ್ಟಡ ಬದಲಾಯಿಸುವಾಗ ರದ್ದಿಗೆ ಹಾಕಲಾಯಿತೆಂಬ ಉತ್ತರ ದೊರೆಯಿತು. ಹೇಳಿದವರ ದನಿಯಲ್ಲಿ ಕೇಡಿರಲಿಲ್ಲ, ಖೇದವೂ ಇರಲಿಲ್ಲ. ಮೂರು ತಲೆಮಾರಿನ ಜನರ ಹೋಗುಬರವು, ಅದಕ್ಕಾಗಿ ಹೊಲ ಬಿಟ್ಟುಕೊಟ್ಟವರ ಹೆಸರುಗಳು, ಎಲ್ಲವೂ ತಕ್ಕಡಿಯಲ್ಲಿ ತೂಗಿ ಹೋದುವೆಂಬ ಆ ಗಳಿಗೆಯ ಸಂಕಟವೇ ಈ ಪತ್ರಕ್ಕೆ ಮೂಲಕಾರಣ.

ಆದಕಾರಣ ನಮ್ಮ ಮೊದಲನೆಯ ಪ್ರಾರ್ಥನೆ ದಾಖಲೆಗಳದು. ಈ ಮಾರ್ಗಕ್ಕೆ ಸಂಬಂಧಿಸಿದ ನಕ್ಷೆ, ಭೂಸ್ವಾಧೀನದ ಕಡತ, ವೇಳಾಪಟ್ಟಿ, ಸ್ಟೇಷನ್ ಮಾಸ್ತರರ ದಿನಚರಿ, ದಪ್ಪ ರಟ್ಟಿನ ಟಿಕೆಟ್ಟುಗಳು ಯಾವ ಉಗ್ರಾಣದ ಯಾವ ಮೂಲೆಯಲ್ಲಿ ಉಳಿದಿದ್ದರೂ ಅವನ್ನು ಒಂದೆಡೆ ಕೂಡಿಸಿ, ಓದಬಯಸುವವರಿಗೆ ತೆರೆದಿಡಬೇಕು. ಪಟ್ಟಿಯಾಗದ ಹೊರತು ಇನ್ನೊಂದು ಹಾಳೆಯೂ ರದ್ದಿಗೆ ಹೋಗಕೂಡದು. ಎರಡನೆಯದಾಗಿ, ಹಳೆಯ ದಾರಿಯಲ್ಲಿ ಉಳಿದಿರುವ ಹೆಂಚಿನ ಮಾಡಿನ ನಿಲ್ದಾಣಗಳನ್ನೂ, ಹಳ್ಳಗಳ ಮೇಲಿನ ಮೋರಿಗಳನ್ನೂ ಸಮೀಕ್ಷೆ ನಡೆಸದೆ ಕೆಡವಬಾರದು. ಈ ದಾರಿಯ ಕೆಲವು ಕಟ್ಟಡಗಳ ಜೀರ್ಣೋದ್ಧಾರಕ್ಕೆ ಈಚೆಗೆ ಕೈಹಾಕಿರುವುದು ಸಂತೋಷದ ವಿಷಯ. ಆ ಕಾಳಜಿ ಬೆಂಗಳೂರಿಗೆ ಹತ್ತಿರವಾದ ನಿಲ್ದಾಣಗಳಲ್ಲಿಯೇ ನಿಂತುಬಿಡದೆ ಶ್ರೀನಿವಾಸಪುರದ ಆಚೆಗೂ ಬರಲಿ ಎಂಬುದಷ್ಟೇ ನಮ್ಮ ಅಪೇಕ್ಷೆ. ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿ, ಶಂಕರನಾಗ್ ಅವರು ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ಅರಸಾಳಿನ ಹಳೆಯ ನಿಲ್ದಾಣವು 2020ರಲ್ಲಿ ವಸ್ತುಸಂಗ್ರಹಾಲಯವಾದುದನ್ನು ತಾವು ಬಲ್ಲಿರಿ. ಕಥೆಯ ಊರಿಗೆ ಸಂದ ಆ ಮನ್ನಣೆಯು ನಿಜವಾದ ಊರುಗಳಿಗೂ ಸಲ್ಲಲಿ. ಚಿಂತಾಮಣಿಯಲ್ಲಾಗಲಿ ಕೋಲಾರದಲ್ಲಾಗಲಿ ಒಂದು ಕೊಠಡಿಯನ್ನು ಇದಕ್ಕಾಗಿ ಬಿಟ್ಟುಕೊಟ್ಟರೂ ಸಾಕು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಸಾಗುತ್ತಿದ್ದ ಟ್ರಾಮ್ ಮಾರ್ಗಕ್ಕೆ ಒದಗಿದ ವಿಸ್ಮೃತಿ ಇದಕ್ಕೂ ಒದಗದಿರಲಿ.

ಈಗಿನ ರೈಲುಗಳ ವೇಳೆಯು ಗೂಡಿನ ಮಾರುಕಟ್ಟೆಗೆ ಹೋಗುವವರಿಗೂ ಕಾಲೇಜಿನ ಮಕ್ಕಳಿಗೂ ಅನುಕೂಲವಾಗುವಂತೆ ಬೆಳಗ್ಗೆ, ಸಂಜೆ ಹೊಂದಿಕೊಳ್ಳಬೇಕೆಂಬುದು ಇನ್ನೊಂದು ಬೇಡಿಕೆ. ಅದರ ವಿವರಗಳನ್ನು ಪ್ರತ್ಯೇಕ ಪತ್ರದಲ್ಲಿ ಸಲ್ಲಿಸುತ್ತೇವೆ.

ಕಡೆಯದಾಗಿ, ಕಿರುಹಳಿಯ ಮೇಲೆ ದುಡಿದ ಇಂಜಿನ್ ಚಾಲಕರು, ಗಾರ್ಡುಗಳು, ಸುಡುಬಿಸಿಲಿನಲ್ಲಿ ಜಲ್ಲಿ ಸರಿಪಡಿಸಿದ ಗ್ಯಾಂಗ್‌ಮನ್ನರು, ಗೇಟು ಕಾದವರು ಈ ಊರುಗಳಲ್ಲಿ ಇನ್ನೂ ಕೆಲವರಿದ್ದಾರೆ. ಎಲ್ಲರೂ ವೃದ್ಧರು; ಕೆಲವರಿಗೆ ಕಿವಿ ಕೇಳಿಸದು, ಕೆಲವರು ಹಾಸಿಗೆ ಹಿಡಿದಿದ್ದಾರೆ. ಯಾವ ತಿರುವಿನಲ್ಲಿ ಬಂಡಿ ಏದುತ್ತಿತ್ತು, ಯಾವ ಕೆರೆಯ ನೀರನ್ನು ಇಂಜಿನ್ನಿಗೆ ತುಂಬುತ್ತಿದ್ದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಧ್ವನಿಮುದ್ರಿಸಿಕೊಳ್ಳಬೇಕು. ಮಿಕ್ಕ ಬೇಡಿಕೆಗಳು ಮುಂದಿನ ಆಯವ್ಯಯದವರೆಗೆ ಕಾದರೂ ಕಾಯಬಹುದು, ಇದು ಕಾಯಲಾರದು. ತಮ್ಮ ಸಿಬ್ಬಂದಿಯನ್ನು ಯಾವ ದಿನ ಕಳುಹಿಸಿದರೂ ಅವರ ಮನೆಗಳಿಗೆ ಕರೆದೊಯ್ಯಲು ನಾವು ಸಿದ್ಧರಾಗಿದ್ದೇವೆ.

ಇಂತು ತಮ್ಮ ವಿಧೇಯರು,
ಹಳೆಯ ಕಿರುಹಳಿಯ ಉದ್ದಕ್ಕೂ ಇರುವ ಊರುಗಳ ನಾಗರಿಕರು